ಲಾಗಿನ್ ಆಗದ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಯಾರು?

ಪ್ರಶ್ನೆ: ಬೀದರ್, ಭಾಲ್ಕಿ, ಔರಾದ್‌ಗಳಲ್ಲಿರುವ ನಮ್ಮ ಸಂಸ್ಥೆಯ ಕಂಪ್ಯೂಟರುಗಳಿಗೆ ಪಪೆಟ್ ಏಜೆಂಟ್ ಹಾಕಿದ್ದಾರೆ. ಯಾರೂ ಲಾಗಿನ್ ಆಗದಿದ್ದರೂ ಅದು ಕೆಲಸ ಮಾಡುವುದು ಹೇಗೆ?
– ಓದುಗರೊಬ್ಬರು, ಭಾಲ್ಕಿ

ಉತ್ತರ: ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ನಿರ್ವಹಿಸುವ ‘ಪಪೆಟ್’ ತಂತ್ರಾಂಶದ ಈ ಏಜೆಂಟ್ ವಿಂಡೋಸ್ ಸರ್ವಿಸ್ ಆಗಿ ಓಡುತ್ತಿದೆ. ಕಂಪ್ಯೂಟರ್ ಶುರುವಾದೊಡನೆ ‘ಸರ್ವಿಸ್ ಕಂಟ್ರೋಲ್ ಮ್ಯಾನೇಜರ್’ ಇಂಥ ಪ್ರೋಗ್ರಾಮುಗಳನ್ನು ಚಾಲೂ ಮಾಡುತ್ತದೆ. ಪಾಸ್‌ವರ್ಡ್ ಹಾಕುವವರಿಗಾಗಿ ಕಾಯುವುದಿಲ್ಲ. ಕರೆಂಟು ಹೋಗಿ ಬಂದ ಮೇಲೆ ಯಾರಾದರೂ ಸ್ವಿಚ್ ಒತ್ತಿದರೆ ಸಾಕು.

ಅವಧಿಯನ್ನು ಬದಲಾಯಿಸದಿದ್ದರೆ ಏಜೆಂಟ್ 30 ನಿಮಿಷಕ್ಕೊಮ್ಮೆ ಪಪೆಟ್ ಸರ್ವರನ್ನು ಕೇಳಿ, ಇರಬೇಕಾದ ಸ್ಥಿತಿಯ ಪಟ್ಟಿ ತಂದು, ಇರುವ ಸ್ಥಿತಿಯೊಂದಿಗೆ ಹೋಲಿಸುತ್ತದೆ. ‘ನುಡಿ’ ತಂತ್ರಾಂಶ ಇರಲೇಬೇಕೆಂದು ಬರೆದಿಟ್ಟಿದ್ದರೆ, ಯಾರೋ ಅಳಿಸಿದ್ದನ್ನು ಮುಂದಿನ ಸುತ್ತಿನಲ್ಲಿ ಮತ್ತೆ ಹಾಕುತ್ತದೆ. ಅಷ್ಟಕ್ಕಾಗಿ ಬೀದರಿನಿಂದ ಔರಾದ್ ಬಸ್ಸು ಹತ್ತಬೇಕಿಲ್ಲ. ನೆಟ್ ಕಡಿದು ಸರ್ವರ್ ಸಿಗದಿದ್ದರೆ, ಹಿಂದೆ ತಂದಿಟ್ಟುಕೊಂಡ ಪಟ್ಟಿಯನ್ನೇ ಜಾರಿ ಮಾಡುತ್ತದೆ. ನಮ್ಮ ಭಾಗಕ್ಕೆ ಇದು ದೊಡ್ಡ ಅನುಕೂಲ.

ತೊಡಕು ಬೇರೆಡೆ ಇದೆ. ವಿಂಡೋಸ್ ವಿಸ್ಟಾದಿಂದೀಚೆಗೆ ಸರ್ವಿಸ್‌ಗಳು ‘ಸೆಶನ್ 0’ ಎಂಬ ಪ್ರತ್ಯೇಕ ಜಾಗದಲ್ಲಿ ನಡೆಯುತ್ತವೆ. ಅಲ್ಲಿ ತೆರೆದ ಕಿಟಕಿ ನಿಮ್ಮ ಪರದೆಗೆ ಬರುವುದಿಲ್ಲ. ‘ನೆಕ್ಸ್ಟ್’ ಒತ್ತಿ ಎನ್ನುವ ಇನ್‌ಸ್ಟಾಲರ್ ಕಾಯುತ್ತಲೇ ಕೂರುತ್ತದೆ. ಪ್ರಶ್ನೆ ಕೇಳದ ‘ಸೈಲೆಂಟ್’ ವಿಧಾನವೇ ಬೇಕು. ನೀವು ನೆಟ್‌ವರ್ಕ್‌ನಿಂದ ಜೋಡಿಸಿಕೊಂಡ ಝಡ್ ಡ್ರೈವ್ ಕೂಡ ಏಜೆಂಟ್‌ಗೆ ಕಾಣದು, ಏಕೆಂದರೆ ಏಜೆಂಟ್ ಸಾಮಾನ್ಯವಾಗಿ ‘ಲೋಕಲ್ ಸಿಸ್ಟಮ್’ ಖಾತೆಯಲ್ಲಿ ಓಡುತ್ತದೆ. ಆ ಖಾತೆಗೆ ಇಡೀ ಯಂತ್ರದ ಮೇಲೆ ಅಧಿಕಾರವಿದೆ. ಸರ್ವರಿನಿಂದ ಆಜ್ಞೆ ಕೊಡುವವರಿಗೂ ಅದೇ ಅಧಿಕಾರ ಸಿಗುತ್ತದೆ. ಹಾಗಾಗಿ ಪಪೆಟ್ ಸರ್ವರಿನ ಪಾಸ್‌ವರ್ಡ್ ಯಾರ ಕೈಯಲ್ಲಿದೆ ಎಂದು ದಯವಿಟ್ಟು ಇಂದೇ ವಿಚಾರಿಸಿ. ಏಜೆಂಟ್ ಮಾಡಿದ್ದೇನೆಂದು ‘ಇವೆಂಟ್ ವ್ಯೂವರ್’ನ ಅಪ್ಲಿಕೇಶನ್ ಲಾಗ್‌ನಲ್ಲಿ ನೀವೇ ಓದಬಹುದು.