ಚಲ್ಪಹಾದನ ಕುಮಾರಿಯರು ಮತ್ತು ಗಡಿನಾಡಿನ ಹೆಣ್ಣುಮಕ್ಕಳ ಭೂಮಿ

ಹೀಬ್ರೂ ಧರ್ಮಗ್ರಂಥದ ಸ್ತ್ರೀಯರನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಸಾರಾ, ದೆಬೋರ, ರೂತ್, ಎಸ್ತೇರ್ ಇವರ ಸುತ್ತಲೇ ನಡೆಯುತ್ತದೆ. ತಂದೆಯ ಭೂಮಿಗಾಗಿ ಸಭೆಯ ಮುಂದೆ ನಿಂತು ವಾದಿಸಿದ ಐವರು ಸಹೋದರಿಯರ ಪ್ರಸ್ತಾಪ ಅಲ್ಲಿ ವಿರಳ. ಮನೆಮಾತು ಕನ್ನಡವಾಗಿದ್ದು ಭೂದಾಖಲೆಯ ಭಾಷೆ ಮರಾಠಿಯಾಗಿರುವ ಸೊಲ್ಲಾಪುರ, ಅಕ್ಕಲಕೋಟ ಸೀಮೆಯ ಅನೇಕ ಕುಟುಂಬಗಳಿಗೆ ಈ ಪ್ರಸಂಗ ದೂರದ್ದಲ್ಲ.

ಪ್ರಸಂಗವಿರುವುದು ಕನ್ನಡ ಬೈಬಲಿನಲ್ಲಿ ‘ಅರಣ್ಯಕಾಂಡ’ವೆಂದು ಕರೆಯಲಾದ ಗ್ರಂಥದ 27ನೆಯ ಅಧ್ಯಾಯದಲ್ಲಿ. ಈ ಹೆಸರು ‘ಅರಣ್ಯದಲ್ಲಿ’ ಎಂಬರ್ಥದ ‘ಬಮಿದ್ಬರ್’ ಎಂಬ ಹೀಬ್ರೂ ಶೀರ್ಷಿಕೆಗೆ ಸಮೀಪವಾದುದು. ಮನಸ್ಸೆ ಕುಲದ ಚಲ್ಪಹಾದನು ಗಂಡುಸಂತಾನವಿಲ್ಲದೆ ತೀರಿಕೊಂಡಿದ್ದನು. ಅವನ ಪುತ್ರಿಯರಾದ ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ ಮತ್ತು ತಿರ್ಚಾ, ಮೋಶೆ, ಯಾಜಕ ಎಲ್ಲಾಜಾರ್, ಕುಲಾಧಿಪತಿಗಳು ಹಾಗೂ ಸಮಸ್ತ ಸಮೂಹದ ಮುಂದೆ ಬಂದು, ಮಗನಿಲ್ಲವೆಂಬ ಕಾರಣಕ್ಕೆ ತಂದೆಯ ಹೆಸರು ಏಕೆ ಅಳಿಯಬೇಕೆಂದು ಪ್ರಶ್ನಿಸಿದರು. ದೈವನಿರ್ಣಯ ಅವರ ಮಾತು ನ್ಯಾಯವೆಂದು ಒಪ್ಪಿತು. ಮಗನಿಲ್ಲದಲ್ಲಿ ಮಗಳು ವಾರಸುದಾರಳೆಂಬುದು ಶಾಶ್ವತ ವಿಧಿಯಾಯಿತು. ‘ಅವರ ವ್ಯಾಜ್ಯ’ ಎಂಬರ್ಥದ ‘ಮಿಶ್ಪಾತಾನ್’ ಪದದ ಕೊನೆಯ ‘ನೂನ್’ ಅಕ್ಷರವನ್ನು ಹೀಬ್ರೂ ಲಿಪಿಕಾರರು ಪರಂಪರಾಗತವಾಗಿ ದೊಡ್ಡದಾಗಿ ಬರೆಯುತ್ತಾರೆ. ವ್ಯಾಜ್ಯ ಸ್ತ್ರೀಯರದೆಂದು ಸೂಚಿಸುವ ಅಕ್ಷರವೇ ಅದು.

ಆದರೆ ಈ ಹಕ್ಕಿಗೆ ಮಿತಿಯಿತ್ತು. ಮಗನಿದ್ದಲ್ಲಿ ಮಗಳಿಗೆ ಪಾಲಿಲ್ಲ. ವಾರಸುದಾರರ ಆ ಕ್ರಮದಲ್ಲಿ ವಿಧವೆಯ ಹೆಸರೂ ಇಲ್ಲ. 36ನೆಯ ಅಧ್ಯಾಯದಲ್ಲಿ ಕುಲದ ಹಿರಿಯರು ಭೂಮಿ ಕೈತಪ್ಪುವ ಆತಂಕವನ್ನು ಮುಂದಿಟ್ಟಾಗ, ಇಂಥ ಪುತ್ರಿಯರು ಸ್ವಕುಲದಲ್ಲೇ ವಿವಾಹವಾಗಬೇಕೆಂಬ ನಿಬಂಧನೆ ಸೇರಿತು. ಐವರೂ ಚಿಕ್ಕಪ್ಪ-ದೊಡ್ಡಪ್ಪಂದಿರ ಮಕ್ಕಳನ್ನು ವರಿಸಿದರು. ಆದರೂ ಅವರ ಹೆಸರು ನೆಲದಲ್ಲಿ ಉಳಿಯಿತು. 1910ರಲ್ಲಿ ಸಮಾರ್ಯದಲ್ಲಿ ದೊರೆತ ಕ್ರಿ.ಪೂ. 8ನೆಯ ಶತಮಾನದ ಮಡಕೆಚೂರುಗಳ ಬರಹಗಳಲ್ಲಿ ನೋವಾ, ಹೊಗ್ಲಾ ಎಂಬವು ಪ್ರದೇಶನಾಮಗಳಾಗಿ ಕಾಣಿಸುತ್ತವೆ.

ಭಾರತದಲ್ಲಿ ಕಾನೂನಿನ ನಡೆ ಇದಕ್ಕೆ ವಿರುದ್ಧ ದಿಕ್ಕಿನದು. 1994ರಲ್ಲಿ ಕರ್ನಾಟಕ, ಮಹಾರಾಷ್ಟ್ರಗಳೆರಡೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹಕ್ಕು ನೀಡಿದರೂ ಅದಕ್ಕೆ ಮುನ್ನ ವಿವಾಹವಾದವರನ್ನು ಹೊರಗಿಟ್ಟವು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೊಡೆಯಿತು. ಹಕ್ಕು ಜನ್ಮತಃ ಬರುವುದೆಂದೂ, ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಾಗಿಲ್ಲವೆಂದೂ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು.

ಕಾನೂನು ಕಿತ್ತ ಮಿತಿಯನ್ನು ರೂಢಿ ಮರಳಿ ಹಾಕುತ್ತದೆ. ಮಹಾರಾಷ್ಟ್ರದಲ್ಲಿ ‘ಹಕ್ಕಸೋಡ ಪತ್ರ’ವೆಂದು ಕರೆಯಲಾಗುವ ದಸ್ತಾವೇಜಿನ ಮೂಲಕ ಹೆಣ್ಣುಮಕ್ಕಳು ಸೋದರರ ಪರವಾಗಿ ಪಾಲು ಬಿಡುವುದು ವ್ಯಾಪಕವಾಗಿದೆ. ಪಂಚಮಿಗೆ ಕರೆಯಲು ಅಣ್ಣ ಬರುವ ದಾರಿ ಮುಚ್ಚದಿರಲಿ ಎಂಬ ಆಸೆ ಸಹಿಯ ಹಿಂದೆ ಇರುವುದುಂಟು. ಕನ್ನಡ ಶಾಲೆಯಲ್ಲಿ ಕಲಿತ ಅಕ್ಕಲಕೋಟದ ಹೆಣ್ಣುಮಗಳಿಗೆ ಇದರೊಡನೆ ಇನ್ನೊಂದು ತೊಡಕೂ ಸೇರುತ್ತದೆ. ಅವಳು ಬಿಟ್ಟುಕೊಡುವ ಭೂಮಿಯ ಸಾತ್‌ಬಾರಾ ಉತಾರೆ ಮರಾಠಿಯಲ್ಲಿದೆ. ಬಿಟ್ಟುಕೊಡುವ ಪತ್ರವೂ ಬಹುಮಟ್ಟಿಗೆ ಮರಾಠಿಯಲ್ಲೇ ಇರುತ್ತದೆ. ಮಾತನಾಡಬಲ್ಲ ಮರಾಠಿ ಬೇರೆ, ದಸ್ತಾವೇಜಿನ ಮರಾಠಿ ಬೇರೆ.

ಚಲ್ಪಹಾದನ ಪುತ್ರಿಯರಿಗೆ ದೊರೆತ ಹಕ್ಕು ಕಿರಿದು. ಆದರೆ ಅವರು ಅದನ್ನು ತಮ್ಮದೇ ನುಡಿಯಲ್ಲಿ, ಎಲ್ಲರಿಗೂ ಕೇಳುವಂತೆ ಬೇಡಿದರು. ಗಡಿನಾಡಿನ ಮಗಳಿಗೆ ದೊರೆತ ಹಕ್ಕು ಹಿರಿದು. ಆದರೆ ಅದನ್ನು ತೊರೆಯುವ ಮಾತು ಅವಳು ಓದಲಾರದ ಬರಹದಲ್ಲಿರಬಹುದು. ಅಲ್ಪಸಂಖ್ಯಾತ ಭಾಷೆಯ ಪ್ರಶ್ನೆ ಶಾಲೆ, ಸಾಹಿತ್ಯಗಳಲ್ಲಿ ಮುಗಿಯದೆ ನೋಂದಣಿ ಕಚೇರಿಯ ಮೇಜಿನವರೆಗೂ ಬರುವುದು ಹೀಗೆ.