ಪುತ್ತೂರಿನ ಬಾಲವನ ಮತ್ತು ಪಾಠಕ್ರಮದ ಪ್ರಶ್ನೆ

ಪಾಠಕ್ರಮವನ್ನು ಬದಲಿಸುವ ಅಧಿಕಾರವುಳ್ಳವರಲ್ಲಿಯೇ ಅದನ್ನು ಬದಲಿಸಬೇಕೆಂಬ ವಿವೇಕವೂ ಇರುತ್ತದೆಂದು ಹೇಳಬರುವುದಿಲ್ಲ. ಮದರಾಸು ಅಧಿಪತ್ಯದ ಕಾಲದಲ್ಲಿ ದಕ್ಷಿಣ ಕನ್ನಡದ ಶಾಲೆಗಳ ಪಾಠಕ್ರಮವು ನಿರ್ಣಯವಾಗುತ್ತಿದ್ದುದು ದೂರದ ಮದರಾಸಿನಲ್ಲಿ. ಇಂದಿನ ಸುಳ್ಯ, ಕಡಬಗಳು ಆಗ ಪುತ್ತೂರು ತಾಲ್ಲೂಕಿನೊಳಗೇ ಇದ್ದವು. ಘಟ್ಟದ ತಪ್ಪಲಿನ ಈ ಸೀಮೆಯ ಮಗುವಿಗೆ ಮನೆಯಲ್ಲಿ ತುಳು, ಅರೆಭಾಷೆ, ಬ್ಯಾರಿ ಇಲ್ಲವೆ ಹವ್ಯಕರ ಕನ್ನಡ. ಶಾಲೆಯಲ್ಲಿ ಗ್ರಾಂಥಿಕ ಕನ್ನಡ. ಪಾಠದ ವಿಷಯವೋ, ಬಹುಮಟ್ಟಿಗೆ ಎರಡಕ್ಕೂ ಹೊರಗಿನದು.

೧೯೦೨ರಲ್ಲಿ ಕೋಟದಲ್ಲಿ ಜನಿಸಿ, ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದ ಶಿವರಾಮ ಕಾರಂತರು ಪುತ್ತೂರಿನಲ್ಲಿ ನೆಲೆಸಿ ಬಾಲವನದ ಪ್ರಯೋಗಕ್ಕೆ ಕೈಹಾಕಿದರು. ಶಿಕ್ಷಣಖಾತೆಯಲ್ಲಿ ಅವರಿಗೆ ಯಾವ ಅಧಿಕಾರವೂ ಇರಲಿಲ್ಲ. ಆಟ, ಚಿತ್ರ, ಕುಣಿತ, ನಾಟಕ, ಸುತ್ತಣ ಪ್ರಕೃತಿಯ ಅವಲೋಕನ ಇವು ಪಾಠದ ಬಿಡುವಿನ ವಿನೋದಗಳಲ್ಲ, ಪಾಠವೇ ಎಂಬುದು ಅವರ ನಿಲುವು. ೧೯೩೭ರ ವಾರ್ಧಾ ಸಮ್ಮೇಳನದ ಮೂಲಶಿಕ್ಷಣವು ಕೈಕಸುಬನ್ನು ಕೇಂದ್ರದಲ್ಲಿರಿಸಿತು. ಕಾರಂತರು ಮಗುವಿನ ಕುತೂಹಲವನ್ನಿರಿಸಿದರು. ಈ ಭೇದವು ಅಲ್ಪವಲ್ಲ.

ಬಾಲವನದ ಮಾದರಿಯು ಜಿಲ್ಲೆಯ ಶಾಲೆಗಳಿಗೆ ಹಬ್ಬಲಿಲ್ಲವೆಂಬುದು ದಿಟ. ಆದರೆ ೧೯೩೬ರ ‘ಬಾಲಪ್ರಪಂಚ’ದ ಮೂರು ಸಂಪುಟಗಳು ಅದರ ಬೇಲಿಯನ್ನು ದಾಟಿದವು. ಪಾಠಕ್ರಮದ ಒಂದಕ್ಷರವನ್ನೂ ತಿದ್ದಲಾಗದ ಹಳ್ಳಿಯ ಉಪಾಧ್ಯಾಯನೂ ಅಂತಹ ಗ್ರಂಥವೊಂದನ್ನು ಮಕ್ಕಳ ಮುಂದೆ ತೆರೆಯಬಲ್ಲನು. ಆಜ್ಞೆಯಿಂದ ಆಗದ ಬದಲಾವಣೆಯು ಪುಸ್ತಕದ ಮೂಲಕ ಒಳಸೇರುವ ಬಗೆ ಇದು.

ಆಜ್ಞೆಯ ಮಾರ್ಗವನ್ನೂ ಈ ಜಿಲ್ಲೆಯು ಕಂಡಿತು. ೧೯೫೩ರಲ್ಲಿ ರಾಜಗೋಪಾಲಾಚಾರಿಯವರ ಸರಕಾರವು ಮದರಾಸು ರಾಜ್ಯದ ಗ್ರಾಮೀಣ ಪ್ರಾಥಮಿಕ ಶಾಲೆಗಳ ಪಾಠವನ್ನು ದಿನಕ್ಕೆ ಮೂರು ಗಂಟೆಗಿಳಿಸಿ, ಉಳಿದ ವೇಳೆಯಲ್ಲಿ ಮಕ್ಕಳು ಮನೆಯ ಕಸುಬನ್ನು ಕಲಿಯಲೆಂದು ವಿಧಿಸಿತು. ಇದು ಮಗುವನ್ನು ಜಾತಿಯ ಕಸುಬಿಗೇ ಕಟ್ಟಿಹಾಕುವ ಯೋಜನೆಯೆಂದು ಪ್ರಬಲ ವಿರೋಧ ಹುಟ್ಟಲು, ೧೯೫೪ರಲ್ಲಿ ಕಾಮರಾಜರ ಸರಕಾರವು ಅದನ್ನು ಹಿಂತೆಗೆದುಕೊಂಡಿತು. ಬಾಲವನವೂ ಈ ಯೋಜನೆಯೂ ಬದುಕಿನಿಂದಲೇ ಕಲಿಸಹೊರಟವು. ಒಂದರಲ್ಲಿ ಮಗು ಏನನ್ನು ಕಲಿಯಬೇಕೆಂಬುದನ್ನು ಅದರ ಕಣ್ಣು ನಿರ್ಧರಿಸಿತು, ಇನ್ನೊಂದರಲ್ಲಿ ಅದರ ಹುಟ್ಟು.

ಕಾರಂತರಲ್ಲಿ ನಮಗೆ ಕಾಣುವ ಮಿತಿಯು ಭಾಷೆಗೆ ಸಂಬಂಧಿಸಿದುದು. ಅವರ ಪ್ರಪಂಚವೆಲ್ಲ ಕನ್ನಡದಲ್ಲಿ ತೆರೆಯಿತು. ಪುತ್ತೂರು ಸೀಮೆಯ ಹೆಚ್ಚಿನ ಮಕ್ಕಳ ಮನೆಮಾತು ಅದಲ್ಲ. ತುಳುವು ಐಚ್ಛಿಕ ತೃತೀಯ ಭಾಷೆಯಾಗಿ ಜಿಲ್ಲೆಯ ಶಾಲೆಗಳನ್ನು ಹೊಕ್ಕುದು ಸುಮಾರು ೨೦೧೦ರಷ್ಟು ತಡವಾಗಿ. ಅದೂ ಹಿರಿಯ ತರಗತಿಗಳಲ್ಲಿ, ಮಗುವು ಅದಿಲ್ಲದೆಯೇ ಅಕ್ಷರ ಕಲಿತು ಮುಗಿಸಿದ ಬಳಿಕ.