ವ್ಯಾಕ್ಸೀನಿನೊಳಗಿನ ಹಸು

ಅಮ್ಮನ ತೋಳಿನ ಮೇಲೆ ನಾಲ್ಕಾಣೆಯಗಲದ ಎರಡು ಕಲೆಗಳಿದ್ದವು. ಏನಮ್ಮಾ ಇದು ಅಂದರೆ ‘ದಾಕು ಹಾಕಿದ್ದು’ ಅನ್ನುತ್ತಿದ್ದಳು. ದಾಕು ಹಾಕುವುದಕ್ಕೆ ಇಂಗ್ಲಿಷಿನವರು ವ್ಯಾಕ್ಸಿನೇಷನ್ ಅನ್ನುತ್ತಾರೆ. ಆ ಮಾತನ್ನು ಬಿಡಿಸಿದರೆ ಒಳಗೊಂದು ಹಸು ನಿಂತಿದೆ. ಲ್ಯಾಟಿನ್ನಿನಲ್ಲಿ ‘ವಾಕ್ಕಾ’ ಅಂದರೆ ಹಸು.

ಹಸುವಿನ ಕೆಚ್ಚಲಿನ ಗುಳ್ಳೆ ಕೈಗೆ ಅಂಟಿದವರಿಗೆ ಸಿಡುಬು ಬರುವುದಿಲ್ಲವೆಂಬ ನಂಬಿಕೆ ಇಂಗ್ಲೆಂಡಿನ ಹಳ್ಳಿಗಳಲ್ಲಿ ಮೊದಲೇ ಇತ್ತು. ಬರ್ಕ್ಲಿಯ ವೈದ್ಯ ಎಡ್ವರ್ಡ್ ಜೆನ್ನರ್ ಅದನ್ನು ಪರೀಕ್ಷೆಗೆ ಒಡ್ಡಿದ. 1796ರ ಮೇ 14ರಂದು, ಹಾಲು ಕರೆಯುವ ಸಾರಾ ನೆಲ್ಮ್ಸ್‌ಳ ಕೈಗುಳ್ಳೆಯ ಕೀವನ್ನು ಎಂಟು ವರ್ಷದ ಜೇಮ್ಸ್ ಫಿಪ್ಸ್‌ನ ತೋಳು ಗೀರಿ ಹಚ್ಚಿದ. ಜುಲೈನಲ್ಲಿ ಸಿಡುಬಿನ ಕೀವನ್ನೇ ಹಚ್ಚಿ ನೋಡಿದ. ಹುಡುಗನಿಗೆ ಏನೂ ಆಗಲಿಲ್ಲ. ತೋಟದ ಮಾಲಿಯ ಮಗ ಅವನು. ಆ ಮಗುವನ್ನು ನೆನೆದರೆ ಇವತ್ತಿಗೂ ನನ್ನ ಎದೆ ಝಲ್ಲೆನ್ನುತ್ತದೆ. ಸಾರಾಳಿಗೆ ಗುಳ್ಳೆ ಅಂಟಿಸಿದ ಹಸುವಿನ ಹೆಸರು ಬ್ಲಾಸಮ್. ಅದರ ಚರ್ಮವನ್ನು ಲಂಡನ್ನಿನ ಸೇಂಟ್ ಜಾರ್ಜ್ ವೈದ್ಯಶಾಲೆಯಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

1798ರಲ್ಲಿ ಜೆನ್ನರ್ ತನ್ನ ಪುಸ್ತಕದಲ್ಲಿ ಈ ರೋಗವನ್ನು ‘ವೇರಿಯೋಲೇ ವ್ಯಾಕ್ಸಿನೇ’, ಅಂದರೆ ಹಸುವಿನ ಸಿಡುಬು ಎಂದು ಕರೆದ. ಅದರಿಂದ ವ್ಯಾಕ್ಸಿನೇಷನ್ ಎಂಬ ಪದ ಕಟ್ಟಿದವನು ಪ್ಲಿಮತ್‌ನ ಶಸ್ತ್ರವೈದ್ಯ ರಿಚರ್ಡ್ ಡನಿಂಗ್, 1800ರಲ್ಲಿ. ಆಗ ಅದು ಸಿಡುಬಿಗಷ್ಟೇ ಸಲ್ಲುತ್ತಿತ್ತು. 1881ರಲ್ಲಿ ಲಂಡನ್ನಿನ ವೈದ್ಯರ ಸಮ್ಮೇಳನದಲ್ಲಿ ಲೂಯಿ ಪಾಶ್ಚರ್, ಜೆನ್ನರನ ಗೌರವಕ್ಕಾಗಿ ಎಲ್ಲ ರೋಗಗಳ ಚುಚ್ಚುಮದ್ದಿಗೂ ಅದೇ ಹೆಸರಿರಲಿ ಎಂದ. ಹಾಗಾಗಿ ಹುಚ್ಚುನಾಯಿ ಕಡಿತದ ಮದ್ದಿನ ಹೆಸರಿನಲ್ಲೂ ಹಸುವೇ.

ಭಾರತಕ್ಕೆ ಆ ಕೀವು ಬಂದದ್ದು ತೋಳಿನಿಂದ ತೋಳಿಗೆ. ಒಣಗಿಸಿ ತಂದದ್ದು ದಾರಿಯ ಬಿಸಿಲಿಗೆ ಸತ್ತುಹೋಗುತ್ತಿತ್ತು. ಬಾಗ್ದಾದ್, ಬಸ್ರಾ ದಾಟಿ 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್‌ಳ ತೋಳು ಸೇರಿತು. ನಾವು ಬಳಸುವ ‘ಲಸಿಕೆ’ಯಲ್ಲಿ ಹಸುವಿನ ಸುಳಿವಿಲ್ಲ, ಸಂಸ್ಕೃತದ ‘ಲಸಿಕಾ’ ಎಂದರೆ ಮೈಯೊಳಗಿನ ನೀರಿನಂಥ ರಸ. ಗುಳ್ಳೆಯಿಂದ ಗುಳ್ಳೆಗೆ ದಾಟಿ ಬಂದ ಮದ್ದಿಗೆ ಇದು ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಈಚೆಗೆ ಇಂಗ್ಲಿಷಿನ ಹಸುವಿಗೂ ಒಬ್ಬ ಪಾಲುದಾರ ಸಿಕ್ಕಿದ್ದಾನೆ. 1902ರ ಅಮೆರಿಕದ ಸಿಡುಬು ಲಸಿಕೆಯೊಂದರ ತಳಿನಕ್ಷೆ 2017ರಲ್ಲಿ ಪ್ರಕಟವಾಯಿತು. ಅದರ ನಡುಭಾಗ ಹೆಚ್ಚೂಕಡಿಮೆ ಕುದುರೆ ಸಿಡುಬಿನದೇ. ಜೆನ್ನರನಿಗೆ ಈ ಅನುಮಾನ ಮೊದಲೇ ಇತ್ತು: ಕುದುರೆಯ ಕಾಲಿನ ಹುಣ್ಣಿಗೆ ಮದ್ದು ಹಚ್ಚಿದ ಆಳು ಕೈ ತೊಳೆಯದೆ ಹಾಲು ಕರೆಯಲು ಕೂತಾಗ ರೋಗ ಕೆಚ್ಚಲಿಗೆ ದಾಟುತ್ತದೆ ಎಂದು ಅದೇ ಪುಸ್ತಕದಲ್ಲಿ ಬರೆದಿದ್ದ.